ಬೋಟು ದಡದಲ್ಲಿರುವ 61 ದಿನ: ಮಕ್ಕಳ ಓದಿಗೆ ಪುಕ್ಕಟೆ ಸಿಗುವ ನೆರವು

ಜೂನ್ 1 ಬಂತೆಂದರೆ ತದಡಿ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಪಾತಿ ದೋಣಿಯವರು ಮಾತ್ರ ಹೊಳೆಯಲ್ಲಿ ಬಲೆ ಬೀಸುತ್ತಾರೆ. ಶಾಲೆ ಶುರುವಾಗುವುದೂ ಇದೇ ಹೊತ್ತಿಗೆ. ವರ್ಷದ ಹತ್ತು ತಿಂಗಳು ಮಕ್ಕಳು ಏಳುವ ಮೊದಲೇ ಮನೆ ಬಿಡುವ ಅಪ್ಪ ಈ ಎರಡು ತಿಂಗಳು ಜಗಲಿಯಲ್ಲಿ ಬಲೆ ಸರಿಮಾಡುತ್ತ ಕೂತಿರುತ್ತಾನೆ. ಎದುರಿಗೆ ಮಗು ಹೊಸ ಪುಸ್ತಕಕ್ಕೆ ಬೈಂಡ್ ಹಾಕುತ್ತಿರುತ್ತದೆ.

ಈ ಲೇಖನ ಆ ಜಗಲಿಗಾಗಿ. ಮಕ್ಕಳ ಓದಿಗೆ, ಬೆಳವಣಿಗೆಗೆ ಪುಕ್ಕಟೆಯಾಗಿ ಏನೇನು ಸಿಗುತ್ತದೆ, ಅದನ್ನು ತೆರೆಯುವುದು ಹೇಗೆ, ಎಲ್ಲಿ ದುಡ್ಡು ಬೀಳುತ್ತದೆ, ಯಾರನ್ನು ಕೇಳಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ. ತದಡಿ, ಗೋಕರ್ಣ, ಕುಮಟಾ ಎಂದು ಬರೆದರೂ ಹೊನ್ನಾವರ, ಭಟ್ಕಳದವರಿಗೂ ಇದೆಲ್ಲ ಹಾಗೆಯೇ ಅನ್ವಯಿಸುತ್ತದೆ. ಇದರಲ್ಲಿ ಕೆಲವು ಈಗಾಗಲೇ ನಿಮ್ಮ ಮನೆಯೊಳಗೇ ಇವೆ.

ಪುಸ್ತಕದೊಳಗಿನ ಕಪ್ಪು ಚೌಕ

ಮಗುವಿನ ಪಠ್ಯಪುಸ್ತಕ ತೆಗೆಯಿರಿ. ಪಾಠ ಶುರುವಾಗುವ ಪುಟದಲ್ಲಿ ಕಪ್ಪು ಬಿಳಿ ಚುಕ್ಕಿಗಳ ಒಂದು ಚಿಕ್ಕ ಚೌಕ ಇರುತ್ತದೆ. ಮೀನು ಮಾರುವಲ್ಲಿ, ಕಿರಾಣಿ ಅಂಗಡಿಯಲ್ಲಿ ದುಡ್ಡು ಕಳಿಸಲು ಫೋನ್ ಹಿಡಿಯುತ್ತೀರಲ್ಲ, ಅದೇ ಜಾತಿಯದು. ಇದಕ್ಕೆ ಕ್ಯೂಆರ್ ಕೋಡ್ ಎನ್ನುತ್ತಾರೆ. ಅಂಗಡಿಯ ಚೌಕ ಅಂಗಡಿಯವನ ಖಾತೆಗೆ ಕರೆದೊಯ್ಯುತ್ತದೆ. ಪುಸ್ತಕದ ಚೌಕ ಆ ಪಾಠದ ವಿಡಿಯೊ, ಚಿತ್ರ, ಪ್ರಶ್ನೋತ್ತರಗಳಿಗೆ ಕರೆದೊಯ್ಯುತ್ತದೆ. ಇಲ್ಲಿ ದುಡ್ಡು ಹೋಗುವ ಮಾತೇ ಇಲ್ಲ.

ಆ ವಿಡಿಯೊಗಳು ಇರುವ ಜಾಗದ ಹೆಸರು ದೀಕ್ಷಾ. ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ದಿನ, ಇದನ್ನು ಶುರುಮಾಡಿತು. ಮೊದಲು ಶಿಕ್ಷಕರಿಗೆಂದು ಹುಟ್ಟಿದ್ದು, ಆಮೇಲೆ ಮಕ್ಕಳಿಗೂ ತೆರೆಯಿತು. ಕರ್ನಾಟಕದ ಪಠ್ಯಕ್ಕೆ ತಕ್ಕ ಪಾಠಗಳು ಅದರಲ್ಲಿ ಕನ್ನಡದಲ್ಲೇ ಇವೆ.

ತೆರೆಯುವ ಕ್ರಮ ಹೀಗಿದೆ. ಫೋನಿನ ಪ್ಲೇ ಸ್ಟೋರ್‌ಗೆ ಹೋಗಿ ದೀಕ್ಷಾ ಎಂಬ ಆ್ಯಪ್ ಹುಡುಕಿ ಇಳಿಸಿಕೊಳ್ಳಿ. ತೆರೆದ ಕೂಡಲೇ ಭಾಷೆ ಕೇಳುತ್ತದೆ, ಕನ್ನಡ ಒತ್ತಿ. ನೀವು ಯಾರು ಎಂದು ಕೇಳುತ್ತದೆ, ವಿದ್ಯಾರ್ಥಿ ಎಂದು ಒತ್ತಿದರೂ ಸಾಕು. ಆಮೇಲೆ ರಾಜ್ಯ, ಮಾಧ್ಯಮ, ತರಗತಿ ಆರಿಸಿ. ಮಾಧ್ಯಮ ಎಂದರೆ ಮಗು ಕನ್ನಡದಲ್ಲಿ ಓದುತ್ತದೋ, ಇಂಗ್ಲಿಷಿನಲ್ಲೋ, ಉರ್ದುವಿನಲ್ಲೋ ಎಂಬುದು. ಇಷ್ಟಾದ ಮೇಲೆ ಕೋಡ್ ಸ್ಕ್ಯಾನ್ ಮಾಡುವ ಗುರುತು ಕಾಣುತ್ತದೆ. ಅದನ್ನು ಒತ್ತಿ ಫೋನನ್ನು ಚೌಕದ ಮೇಲೆ ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. ಹೆಸರು ನೋಂದಾಯಿಸದೆ, ಅತಿಥಿಯಾಗಿಯೇ ನೋಡಬಹುದು.

ಕಳೆದ ವರ್ಷದ ಹಳೇ ಪುಸ್ತಕ, ಚೌಕದ ಮೇಲೆ ಶಾಯಿ ಬಿದ್ದಿದೆ ಎನ್ನುತ್ತೀರಾ? ಅದರ ಕೆಳಗೆ ಅಕ್ಷರ, ಅಂಕಿ ಸೇರಿ ಆರು ಗುರುತು ಅಚ್ಚಾಗಿರುತ್ತವೆ. ಅವನ್ನು ಟೈಪ್ ಮಾಡಿದರೂ ಅದೇ ಪಾಠ ಸಿಗುತ್ತದೆ. ಫೋನಿನಲ್ಲಿ ಜಾಗ ಇಲ್ಲವಾದರೆ ಆ್ಯಪ್ ಇಳಿಸಿಕೊಳ್ಳದೆ ದೀಕ್ಷಾ ಜಾಲತಾಣಕ್ಕೇ ಹೋಗಿ ನೋಡಬಹುದು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ಸಿಗ್ನಲ್ಲು ಎರಡೂ ಕೈಕೊಡುತ್ತವೆ. ಅದಕ್ಕೊಂದು ದಾರಿ ಇದೆ. ಸಿಗ್ನಲ್ ಚೆನ್ನಾಗಿ ಸಿಗುವಲ್ಲಿ, ಗೋಕರ್ಣಕ್ಕೋ ಕುಮಟಾ ಪೇಟೆಗೋ ಹೋದಾಗ, ಬೇಕಾದ ಪಾಠವನ್ನು ಆ್ಯಪ್ ಒಳಗೇ ಡೌನ್‌ಲೋಡ್ ಮಾಡಿಕೊಳ್ಳಿ. ಡೌನ್‌ಲೋಡ್ ಎಂದರೆ ಫೋನಿನಲ್ಲೇ ಇಳಿಸಿ ಇಟ್ಟುಕೊಳ್ಳುವುದು. ಮನೆಗೆ ಬಂದ ಮೇಲೆ ಇಂಟರ್‌ನೆಟ್ ಇಲ್ಲದೆಯೂ ಅದು ಓಡುತ್ತದೆ.

“ನನಗೇ ಓದು ಬರ್ತಿಲ್ಲ, ಮಗಳಿಗೆ ಏನು ಹೇಳಿಕೊಡಲಿ?”

ಈ ಮಾತನ್ನು ನಾನು ದಕ್ಕೆಯ ಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಏಳಕ್ಕೆ ಬಿಟ್ಟು ಬೋಟು ಹತ್ತಿದವರು, ಹೊಳೆಯಲ್ಲಿ ಬಳಚು ಹೆಕ್ಕಿ ಮಕ್ಕಳನ್ನು ಸಾಕಿದ ತಾಯಂದಿರು ಎಲ್ಲರೂ ಹೇಳುವುದು ಇದನ್ನೇ. ಅವರಿಗೆ ನಾನು ಒಂದು ಸಂಜೆಯ ಕತೆ ಹೇಳುತ್ತೇನೆ.

ನಮ್ಮ ಕೇರಿಯ ಒಂದು ಮನೆಯಲ್ಲಿ ಎಂಟನೇ ತರಗತಿಯ ಹುಡುಗಿ ‘ಬಲ ಮತ್ತು ಒತ್ತಡ’ ಎಂಬ ಪಾಠ ಓದುತ್ತಿದ್ದಳು. ಆಳ ಹೆಚ್ಚಿದಷ್ಟೂ ನೀರಿನ ಒತ್ತಡ ಹೆಚ್ಚು ಎಂದು ಪುಸ್ತಕದಲ್ಲಿತ್ತು. ಅವಳು ಅದನ್ನು ಬಾಯಿಪಾಠ ಮಾಡುತ್ತಿದ್ದಳು. ಅಪ್ಪ ಬಲೆಯ ಕಣ್ಣು ಕಟ್ಟುತ್ತಲೇ, “ಏನದು ಮಗಾ, ಇನ್ನೊಂದು ಸಲ ಹೇಳು” ಎಂದ. ಅವಳು ಹೇಳಿದಳು. ಅವನು ಕೈಯಲ್ಲಿದ್ದ ದಾರ ಬಿಟ್ಟ. “ಬೋಟಿನ ಫ್ಯಾನಿಗೆ ಬಲೆ ಸಿಕ್ಕಿದಾಗ ನಾನು ಮುಳುಗಿ ಬಿಡಿಸ್ತಿನಲ್ಲ, ಸ್ವಲ್ಪ ಕೆಳಗೆ ಹೋದ್ರೆ ಕಿವಿ ಒತ್ತಿ ಹಿಡಿದ ಹಾಂಗೆ ನೋಯ್ತದೆ. ಅದೇ ಇದು.” ಆಮೇಲೆ ಒಂದು ಖಾಲಿ ನೀರಿನ ಬಾಟಲಿ ತಂದು, ಬಿಸಿ ಮಾಡಿದ ಮೊಳೆಯಿಂದ ಮೇಲೆ ಒಂದು, ನಡುವೆ ಒಂದು, ಕೆಳಗೆ ಒಂದು ತೂತು ಕೊರೆದರು. ನೀರು ತುಂಬಿಸಿ ಜಗಲಿಯ ಅಂಚಿಗೆ ಇಟ್ಟರು. ಮೇಲಿನ ತೂತಿನ ನೀರು ಬಾಟಲಿಯ ಮೈಗೇ ಹತ್ತಿಕೊಂಡು ಸೋರಿತು. ಕೆಳಗಿನ ತೂತಿನ ನೀರು ಅಂಗಳಕ್ಕೆ ಚಿಮ್ಮಿತು. ಹುಡುಗಿ ಬಾಟಲಿಯನ್ನೂ ಪುಸ್ತಕವನ್ನೂ ಒಂದಾದ ಮೇಲೊಂದು ನೋಡಿದಳು.

ಆ ಅಪ್ಪನಿಗೆ ಒತ್ತಡದ ಸೂತ್ರ ಗೊತ್ತಿರಲಿಲ್ಲ. ಸೂತ್ರ ಹೇಳುವುದಕ್ಕೆ ಅಕ್ಕೋರು, ಮಾಸ್ತರು ಇದ್ದಾರೆ, ದೀಕ್ಷಾದ ವಿಡಿಯೊ ಇದೆ. ಮನೆಯಲ್ಲಿ ನೀವು ಮಾಡಬೇಕಾದ್ದು ಇಷ್ಟೇ: ವಿಡಿಯೊವನ್ನು ಮಗುವಿನ ಜೊತೆ ಕೂತು ನೋಡಿ, ಮುಗಿದ ಮೇಲೆ “ಈಗ ನನಗೆ ಹೇಳಿಕೊಡು” ಎನ್ನಿ. ಮಗು ಎಲ್ಲಿ ತಡವರಿಸುತ್ತದೋ ಅಲ್ಲಿ ಅದಕ್ಕೆ ಅರ್ಥವಾಗಿಲ್ಲ ಎಂದು ಅದಕ್ಕೇ ತಿಳಿಯುತ್ತದೆ. ಆ ಭಾಗವನ್ನು ಇನ್ನೊಮ್ಮೆ ಹಾಕಿ. ದಿನಕ್ಕೆ ಅರ್ಧ ಗಂಟೆ ಸಾಕು.

ಇಂಥ ಬಾಟಲಿ, ಬಲೂನು, ಬೆಂಕಿಕಡ್ಡಿಗಳ ಪ್ರಯೋಗ ಇನ್ನೂ ಬೇಕೆಂದರೆ ಅರವಿಂದ ಗುಪ್ತಾ ಅವರ ಜಾಲತಾಣ ನೋಡಿ. ಬಿಸಾಡುವ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಅವರು ಹಲವು ದಶಕಗಳಿಂದ ಕಲಿಸುತ್ತ ಬಂದಿದ್ದಾರೆ. 2018ರಲ್ಲಿ ಪದ್ಮಶ್ರೀ ಪಡೆದವರು. ಪ್ರತಿಯೊಂದು ಆಟಿಕೆಗೂ ಹಂತ ಹಂತದ ಚಿತ್ರಗಳಿವೆ. ಭಾಷೆ ಬಾರದಿದ್ದರೂ ಚಿತ್ರ ನೋಡಿಯೇ ಮಾಡಬಹುದು. ಎಲ್ಲವೂ ಪುಕ್ಕಟೆ.

ಹಿಂದಿನ ತರಗತಿಯ ಪುಸ್ತಕಕ್ಕೆ ಹೋಗಿ

ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಹೇಗೂ ಉಚಿತ. ಆದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದರಿಂದ ಹತ್ತನೇ ತರಗತಿಯ ತನಕದ ಪುಸ್ತಕಗಳು ಪಿಡಿಎಫ್ ರೂಪದಲ್ಲಿಯೂ ಸಿಗುತ್ತವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಪಿಡಿಎಫ್ ಎಂದರೆ ಅಚ್ಚಿನ ಪುಟವನ್ನು ಇದ್ದ ಹಾಗೆಯೇ ಫೋನಿನಲ್ಲಿ ತೋರಿಸುವ ಕಡತ. ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ಹಿಂದಿ, ತಮಿಳು, ತೆಲುಗು, ಹೀಗೆ ಏಳು ಮಾಧ್ಯಮಗಳ ಪುಸ್ತಕಗಳಿವೆ. ಭಟ್ಕಳದ ಉರ್ದು ಮಾಧ್ಯಮದ ಮಕ್ಕಳಿಗೂ ಇದೇ ಬಾಗಿಲು.

ಕೈಯಲ್ಲಿ ಪುಸ್ತಕ ಇರುವಾಗ ಪಿಡಿಎಫ್ ಯಾಕೆ? ಹಿಂದಿನ ತರಗತಿಗಾಗಿ. ಒಂಬತ್ತನೇ ತರಗತಿಯ ಹುಡುಗ ಗಣಿತ ಬಿಡಿಸಲಾರದೆ ಕೂತರೆ ನಾವು ಒಂಬತ್ತನೇ ತರಗತಿಯ ಗೈಡು ತರುತ್ತೇವೆ. ತೊಡಕು ಹೆಚ್ಚಾಗಿ ಕೆಳಗೆ ಇರುತ್ತದೆ. ಭಿನ್ನರಾಶಿ ಸರಿಯಾಗಿ ಕೂತಿರುವುದಿಲ್ಲ, ಋಣ ಸಂಖ್ಯೆಯಲ್ಲಿ ಗೊಂದಲ ಇರುತ್ತದೆ. ಆರನೇ ತರಗತಿಯ ಗಣಿತ ಪುಸ್ತಕ ಇಳಿಸಿ, ಭಿನ್ನರಾಶಿಯ ಪಾಠ ತೆಗೆದು, ನಾಲ್ಕು ಲೆಕ್ಕ ಮಾಡಿಸಿ ನೋಡಿ. ಅಲ್ಲಿ ಎಡವಿದರೆ ಐದನೇ ತರಗತಿಗೆ ಇಳಿಯಿರಿ. ಎಡವದೆ ಮಾಡುವ ಮೆಟ್ಟಿಲು ಸಿಕ್ಕುವ ತನಕ ಇಳಿದು, ಅಲ್ಲಿಂದ ಮೇಲೆ ಹತ್ತಿಸಿ. ದೊಡ್ಡ ಹುಡುಗನಿಗೆ ಚಿಕ್ಕ ಕ್ಲಾಸಿನ ಪುಸ್ತಕ ಹಿಡಿಯುವುದು ನಾಚಿಕೆ. ಫೋನಿನಲ್ಲಾದರೆ ಯಾರಿಗೂ ಕಾಣುವುದಿಲ್ಲ. ಪಿಡಿಎಫ್‌ನ ದೊಡ್ಡ ಉಪಕಾರ ಇದು ಎಂದು ನನಗೆ ಅನ್ನಿಸುತ್ತದೆ.

ಗಣಿತಕ್ಕೇ ಇನ್ನೊಂದು ಜಾಗ ಖಾನ್ ಅಕಾಡೆಮಿ. ಸಾಲ್ ಖಾನ್ ಎಂಬವರು 2008ರಲ್ಲಿ ಅಮೆರಿಕದಲ್ಲಿ ಕಟ್ಟಿದ, ಲಾಭಕ್ಕಾಗಿ ನಡೆಯದ ಸಂಸ್ಥೆ. ಕನ್ನಡದಲ್ಲಿಯೂ ಅದರ ಗಣಿತ ಪಾಠಗಳಿವೆ. ಒಂದು ಚಿಕ್ಕ ವಿಡಿಯೊ, ಅದರ ಹಿಂದೆಯೇ ಅಭ್ಯಾಸದ ಲೆಕ್ಕ, ತಪ್ಪಿದರೆ ಸುಳಿವು, ಹೀಗೆ ಸಾಗುತ್ತದೆ. ಬೇಗ ಬೇಸರಪಡುವ ಮಕ್ಕಳಿಗೆ ಇದು ಒಗ್ಗುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯವರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣವನ್ನು ಗುರುತು ಹಾಕಿಕೊಳ್ಳಿ. ಮಾದರಿ ಪ್ರಶ್ನೆಪತ್ರಿಕೆಗಳನ್ನು ಮಂಡಳಿಯೇ ಅಲ್ಲಿ ಹಾಕುತ್ತದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಪ್ರಶ್ನೆಪತ್ರಿಕೆ ಪುಸ್ತಕಗಳ ಮೂಲವೂ ಹೆಚ್ಚಾಗಿ ಇದೇ. ಪ್ರಶ್ನೆಪತ್ರಿಕೆಯನ್ನಷ್ಟೇ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ, ಗಡಿಯಾರ ಎದುರಿಟ್ಟು ಪೂರಾ ಬರೆಸಿ. ಓದಿದ್ದೇನೆ ಎನ್ನುವುದಕ್ಕೂ ಮೂರು ಗಂಟೆ ಕೂತು ಬರೆಯುವುದಕ್ಕೂ ವ್ಯತ್ಯಾಸ ಬಹಳ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಕಡಲತಡಿಯ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಒಂದು ವಿಷಯದಲ್ಲಿ ಹೋಯಿತೆಂದರೆ ಹುಡುಗ ಆಗಸ್ಟಿನಲ್ಲಿ ಬೋಟು ಹತ್ತಿಬಿಡುತ್ತಾನೆ. ಕೈಗೆ ದುಡ್ಡು ಬಂದ ಮೇಲೆ ಪುಸ್ತಕಕ್ಕೆ ಮರಳುವುದು ಕಷ್ಟ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಎರಡನೆಯದರಲ್ಲಿ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಒಂದು ವರ್ಷ ಕಳೆದುಹೋಗುವ ಭಯ ಈಗ ಮೊದಲಿನಷ್ಟಿಲ್ಲ. ಫಲಿತಾಂಶ ಬಂದ ಮರುದಿನವೇ ಹೆಡ್‌ಮಾಸ್ತರನ್ನು ಕಂಡು ಮುಂದಿನ ಪರೀಕ್ಷೆಗೆ ಹೆಸರು ಕಟ್ಟಿಸಿ. ಮಗ ದಕ್ಕೆಗೆ ಹೊರಡುವ ಮೊದಲೇ ಈ ಕೆಲಸ ಆಗಬೇಕು.

ಎಂಟನೇ ತರಗತಿಯ ಮಕ್ಕಳ ಮನೆಯವರು ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆ ಶಾಲೆಯಲ್ಲಿ ವಿಚಾರಿಸಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗಾಗಿ ಇರುವ ವಿದ್ಯಾರ್ಥಿವೇತನ ಇದು. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯ ತನಕ ವರ್ಷಕ್ಕೆ 12,000 ರೂಪಾಯಿ ಬರುತ್ತದೆ.

ಕತೆ ಪುಸ್ತಕ ಎಲ್ಲಿ ಸಿಗುತ್ತದೆ

ಪಾಠ ಒಂದೇ ಓದಿಸಿದರೆ ಮಗು ಓದುವುದನ್ನು ಇಷ್ಟಪಡುವುದಿಲ್ಲ. ಕತೆ ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಎಂಬ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಕನ್ನಡದಲ್ಲಿ ಚಿತ್ರಸಮೇತ ನೂರಾರು ಕತೆಗಳಿವೆ. ಕೊಂಕಣಿ, ಉರ್ದು, ಮರಾಠಿ ಕತೆಗಳೂ ಇವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಖಾರ್ವಿ ಮನೆಗಳ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಮನೆಮಾತಿನಲ್ಲೊಂದು, ಶಾಲೆಯ ಮಾತಿನಲ್ಲೊಂದು ಕತೆ ಓದಿದರೆ ಅವರಿಗೆ ಎರಡೂ ಹತ್ತಿರವಾಗುತ್ತವೆ.

ಕತೆಗಳನ್ನು ನಾಲ್ಕು ಹಂತವಾಗಿ ವಿಂಗಡಿಸಿದ್ದಾರೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೆರಡು ವಾಕ್ಯ. ನಾಲ್ಕನೆಯದು ಸರಾಗವಾಗಿ ಓದಬಲ್ಲವರಿಗೆ. ಮಗು ಯಾವ ತರಗತಿಯಲ್ಲಿದೆ ಎಂದು ನೋಡಿ ಹಂತ ಆರಿಸಬೇಡಿ, ಹೇಗೆ ಓದುತ್ತದೆ ಎಂದು ನೋಡಿ. ಓದಿ ಹೇಳುವ ದನಿಯಿರುವ ಕತೆಗಳೂ ಕೆಲವಿವೆ. ತಾಯಿಗೆ ಓದು ಬಾರದಿದ್ದರೆ ಅವನ್ನು ಇಬ್ಬರೂ ಕೂತು ಕೇಳಬಹುದು. “ಮುದ್ರಿಸಿಕೊಂಡರೆ ಕೇಸು ಹಾಕ್ತಾರಾ?” ಎಂದು ಒಬ್ಬರು ಕೇಳಿದ್ದರು. ಹಾಕುವುದಿಲ್ಲ. ಇವು ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯಲ್ಲಿವೆ. ಬರೆದವರ ಹೆಸರು ಅಳಿಸದೆ ಯಾರು ಬೇಕಾದರೂ ಮುದ್ರಿಸಬಹುದು, ಹಂಚಬಹುದು, ಬೇರೆ ಭಾಷೆಗೆ ಅನುವಾದಿಸಲೂ ಬಹುದು ಎಂದು ಅದರ ಅರ್ಥ.

ಫೋನು ಬೇಡ, ಪುಸ್ತಕವೇ ಬೇಕು ಎನ್ನುವವರು ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗುವನ್ನು ಕರೆದುಕೊಂಡು ಹೋಗಿ ಮೇಲ್ವಿಚಾರಕರ ಬಳಿ ಹೆಸರು ಬರೆಸಿ. ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿಕೊಂಡು ಬನ್ನಿ. ಮಕ್ಕಳ ಪುಸ್ತಕ ಕಡಿಮೆ ಎನಿಸಿದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಚರಂಡಿ, ದಾರಿದೀಪದ ಬಗ್ಗೆ ಕೇಳುವ ನಾವು ಪುಸ್ತಕದ ಬಗ್ಗೆ ಕೇಳಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ 2020ರಿಂದ ಇದೆ. ಫೋನ್ ನಂಬರ್ ಕೊಟ್ಟು ಸದಸ್ಯರಾದರೆ ಮನೆಯಲ್ಲೇ ಓದಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ದೊಡ್ಡ ಮಕ್ಕಳಿಗೆ ಇದು ಹೆಚ್ಚು ಉಪಯೋಗ. ಶಾಲೆಯ ಪ್ರಾಜೆಕ್ಟಿಗೆ ಮಾಹಿತಿ ಬೇಕಾದರೆ ಕನ್ನಡ ವಿಕಿಪೀಡಿಯ ಮತ್ತು ರಾಜ್ಯ ಸರ್ಕಾರದ ‘ಕಣಜ’ ನೋಡಿ. ನಮ್ಮ ಮಕ್ಕಳ ಪ್ರಾಜೆಕ್ಟಿಗೆ ವಿಷಯ ಹುಡುಕಿಕೊಂಡು ದೂರ ಹೋಗುವ ಅಗತ್ಯವೂ ಇಲ್ಲ. ಮನೆಯೆದುರಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು. ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಗೆ ಸೇರಿತು ಎಂದು ಅದರ ಅರ್ಥ. ಕಾಂಡ್ಲಾ ಗಿಡ, ಬಳಚು, ಗಜನಿ ಗದ್ದೆಯ ಬಗ್ಗೆ ಅಜ್ಜಿಗೆ ಗೊತ್ತಿರುವಷ್ಟು ಯಾವ ಜಾಲತಾಣಕ್ಕೂ ಗೊತ್ತಿಲ್ಲ.

ಟಿವಿ ಇರುವ ಮನೆಯವರಿಗೆ ಇನ್ನೊಂದು ದಾರಿ ಇದೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದಾ’ ಎಂಬ ಪಾಠಗಳು ಬಂದವು. ಆ ಪಾಠಗಳು ಈಗಲೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಕೇಂದ್ರದ ಪಿಎಂ ಇ-ವಿದ್ಯಾ ವಾಹಿನಿಗಳು ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತವೆ. ಡಿಶ್, ಪೆಟ್ಟಿಗೆ ಕೊಳ್ಳುವ ಖರ್ಚು ಒಂದು ಸಲದ್ದು. ತಿಂಗಳ ಬಾಡಿಗೆ ಇಲ್ಲ.

ಚಿಕ್ಕವರಿಗೆ ತಾಯಿ ಕಾರ್ಡು, ದೊಡ್ಡವರಿಗೆ 14416

ಐದಾರು ವರ್ಷದೊಳಗಿನ ಮಗು ಇದ್ದರೆ ಕಪಾಟಿನಲ್ಲಿರುವ ತಾಯಿ ಕಾರ್ಡು ತೆಗೆಯಿರಿ. ಚುಚ್ಚುಮದ್ದಿನ ತಾರೀಕು ಬರೆಸುವುದಕ್ಕೆ ಮಾತ್ರ ಅದನ್ನು ಬಳಸುತ್ತೇವೆ. ಅದರೊಳಗೆ ಮಗು ಯಾವ ತಿಂಗಳಿಗೆ ಕತ್ತು ನಿಲ್ಲಿಸಬೇಕು, ಯಾವಾಗ ಕೂರಬೇಕು, ಯಾವಾಗ ಮಾತು ಬರಬೇಕು ಎಂಬುದು ಚಿತ್ರದ ಜೊತೆ ಇರುತ್ತದೆ. ಮಗು ತಡಮಾಡುತ್ತಿದೆ ಎನಿಸಿದರೆ “ಅವನಪ್ಪನೂ ತಡವಾಗೇ ಮಾತಾಡಿದ್ದು” ಎಂದು ಸುಮ್ಮನಾಗಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದ ತನಕದ ಮಕ್ಕಳ ತಪಾಸಣೆ ಉಚಿತ. ವೈದ್ಯರ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಮಾಡಿಸುವ ಹಾಡು, ಆಟಗಳನ್ನು ಟೀಚರ ಹತ್ತಿರ ಕೇಳಿ ತಿಳಿದು ಮನೆಯಲ್ಲೂ ಆಡಿಸಿ.

ಹದಿಹರೆಯದವರ ವಿಷಯ ಬೇರೆ. ಅವರ ಕಷ್ಟ ಪುಸ್ತಕದಲ್ಲಿ ಇರುವುದಿಲ್ಲ. ಮಗಳು ಮುಟ್ಟಿನ ನೋವು ಹೇಳಲಾರಳು, ಮಗ ಮನೆಯವರೊಡನೆ ಮಾತು ಬಿಟ್ಟಿರುತ್ತಾನೆ, ರಾತ್ರಿ ಒಂದರ ತನಕ ಫೋನು ಹಿಡಿದಿರುತ್ತಾನೆ. ತಂದೆ ತಾಯಿ ಯಾರನ್ನು ಕೇಳಬೇಕು? 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ವ್ಯವಸ್ಥೆ ಇದೆ. ಬೆಳವಣಿಗೆ, ಮುಟ್ಟು, ರಕ್ತಹೀನತೆ, ಚಟ, ಮನಸ್ಸಿನ ತಳಮಳ ಎಲ್ಲವನ್ನೂ ಆಪ್ತ ಸಮಾಲೋಚಕರೊಡನೆ ಮಾತಾಡಬಹುದು. ಹತ್ತಿರದಲ್ಲಿ ಎಲ್ಲಿದೆ, ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಹೋಗಲು ಸಂಕೋಚ ಎಂದಾದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಬೀಳುವುದಿಲ್ಲ. ಮಕ್ಕಳೇ ಮಾಡಬೇಕೆಂದಿಲ್ಲ, ಮಗನ ಚಿಂತೆಯಲ್ಲಿರುವ ತಾಯಿಯೂ ಮಾಡಬಹುದು. ಫಲಿತಾಂಶದ ವಾರದಲ್ಲಿ ಈ ನಂಬರನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಮಗುವಿಗೆ ಹಿಂಸೆ, ಬಾಲ್ಯವಿವಾಹ, ದುಡಿಮೆಗೆ ದಬ್ಬುವುದು ಇಂಥದ್ದು ಕಂಡರೆ 1098. ಅದೂ ಉಚಿತ, 24 ಗಂಟೆಯೂ ಇರುತ್ತದೆ.

ದುಡ್ಡು ಎಲ್ಲಿ ಬೀಳುತ್ತದೆ

ಇಷ್ಟೆಲ್ಲ ಪುಕ್ಕಟೆ ಎಂದರೂ ಇಂಟರ್‌ನೆಟ್ ಡೇಟಾ ಪುಕ್ಕಟೆ ಅಲ್ಲ. ಹತ್ತು ನಿಮಿಷದ ವಿಡಿಯೊವನ್ನು 360ಪಿ ಎಂಬ ಮಧ್ಯಮ ಸ್ಪಷ್ಟತೆಯಲ್ಲಿ ನೋಡಿದರೆ ಅಂದಾಜು 30ರಿಂದ 50 ಎಂಬಿ ಹೋಗುತ್ತದೆ. ದಿನಕ್ಕೆ ಒಂದು ಜಿಬಿ ಇರುವ ಪ್ಯಾಕಿನಲ್ಲಿ ಇದು ಹೊರೆಯಲ್ಲ. ಡೇಟಾ ತಿನ್ನುವುದು ಸ್ಪಷ್ಟತೆಯನ್ನು ತಾನೇ ಏರಿಸಿಕೊಳ್ಳುವ ಸೆಟ್ಟಿಂಗು. ಯೂಟ್ಯೂಬಿನಲ್ಲಿ ವಿಡಿಯೊ ಮೇಲಿನ ಚಕ್ರದ ಗುರುತು ಒತ್ತಿ 360ಕ್ಕೆ ಇಳಿಸಿ. ಕಪ್ಪುಹಲಗೆಯ ಅಕ್ಷರ ಅಷ್ಟರಲ್ಲೇ ಕಾಣುತ್ತದೆ.

“ಮೊಬೈಲು ಕೊಟ್ಟರೆ ಪಾಠ ಬಿಟ್ಟು ರೀಲ್ಸ್ ನೋಡ್ತಾನೆ” ಎಂಬ ಭಯ ಸರಿಯಾದದ್ದೇ. ಫೋನನ್ನು ಕೋಣೆಯೊಳಗೆ ಒಯ್ಯಲು ಬಿಡಬೇಡಿ, ಜಗಲಿಯಲ್ಲೇ ನೋಡಲಿ. ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಉಚಿತ. ಮಗುವಿಗೇ ಬೇರೆ ಫೋನ್ ಇದ್ದರೆ ಯಾವ ಆ್ಯಪ್ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್ ಎಂಬುದನ್ನು ನಿಮ್ಮ ಫೋನಿನಿಂದಲೇ ಗೊತ್ತುಮಾಡಬಹುದು. ಕದ್ದು ಹಾಕಬೇಡಿ, ಮಗುವಿಗೆ ಹೇಳಿಯೇ ಹಾಕಿ.

ಇನ್ನು ನಿಜವಾದ ನಷ್ಟ ಆಗುವ ಜಾಗ. ಮನೆ ಬಾಗಿಲಿಗೆ ಬಂದು ಟ್ಯಾಬ್ ತೋರಿಸಿ, ನಾಲ್ಕು ಪ್ರಶ್ನೆ ಕೇಳಿ, “ನಿಮ್ಮ ಮಗು ಹಿಂದೆ ಬಿದ್ದಿದೆ” ಎಂದು ಹೆದರಿಸಿ ಕೋರ್ಸ್ ಮಾರುವವರಿದ್ದಾರೆ. ನನ್ನ ಪಕ್ಕದ ಮನೆಯವರು ಹಾಗೆ ಸಹಿ ಹಾಕಿದರು. ಮೊದಲ ತಿಂಗಳು ಫ್ರೀ ಎಂದಿದ್ದರು. ಆಮೇಲೆ ನೋಡಿದರೆ ಸಹಿ ಹಾಕಿದ್ದು ಸಾಲದ ಕಾಗದಕ್ಕೆ. ತಿಂಗಳು ತಿಂಗಳು ಖಾತೆಯಿಂದ ಕಂತು ಹೋಯಿತು, ಟ್ಯಾಬು ಮಳೆಗಾಲದ ಥಂಡಿಗೆ ಕೆಟ್ಟು ಕೂತಿತು. ಉಚಿತ ಎನ್ನುವವರು ಬ್ಯಾಂಕ್ ಖಾತೆ, ಎಟಿಎಂ ಕಾರ್ಡಿನ ನಂಬರು, ಒಟಿಪಿ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನಾನು ಮೇಲೆ ಹೇಳಿದ ಯಾವುದನ್ನು ನೋಡಲೂ ಓದಲೂ ಇವು ಬೇಕಾಗುವುದಿಲ್ಲ. ಸದಸ್ಯತ್ವಕ್ಕೆ ಫೋನಿಗೆ ಬರುವ ಒಟಿಪಿಯನ್ನು ಆ್ಯಪ್‌ನಲ್ಲಿ ನೀವೇ ಹಾಕಬೇಕಾದೀತು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಬೇಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪುಕ್ಕಟೆಯದು ಕಳಪೆ ಎಂಬ ಅನುಮಾನವೂ ಕೆಲವರಿಗಿದೆ. ನಮ್ಮ ಜಿಲ್ಲೆಯವರು ಹಾಗೆ ಅನ್ನಬಾರದು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಶಾಲೆಯ ಮುಖ ಕಾಣದ ಹಳ್ಳಿಗಳಲ್ಲಿ ಬಡವರ ಮಕ್ಕಳಿಗಾಗಿ ಹೈಸ್ಕೂಲು ತೆರೆದರು. ಗೌರೀಶ ಕಾಯ್ಕಿಣಿಯವರಂಥ ವಿದ್ವಾಂಸರು ಇಲ್ಲೇ ಗೋಕರ್ಣದ ಭದ್ರಕಾಳಿ ಹೈಸ್ಕೂಲಿನಲ್ಲಿ ಮಾಸ್ತರಾಗಿದ್ದರು. ಒಳ್ಳೆಯ ವಿದ್ಯೆ ದುಬಾರಿಯಾಗಿಯೇ ಇರಬೇಕು ಎಂದು ನಮಗೆ ಯಾರೂ ಕಲಿಸಿಲ್ಲ.

ಎಲ್ಲಿಂದ ಶುರುಮಾಡಲಿ ಎಂದು ತಿಳಿಯದಿದ್ದರೆ ಮೊದಲು ಕ್ಲಾಸಿನ ಅಕ್ಕೋರನ್ನು ಕೇಳಿ. ದೀಕ್ಷಾ ಆ್ಯಪ್ ಹಾಕಿಸಿಕೊಳ್ಳಲು ಅವರೇ ನೆರವಾಗುತ್ತಾರೆ. ಅಲ್ಲಿ ಆಗದಿದ್ದರೆ ಕುಮಟಾದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇದೆ. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್ ಇರುವುದೂ ಕುಮಟಾದಲ್ಲೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ ಇರುವವರಿಗೆ ನನ್ನ ಒಂದು ಕೋರಿಕೆ: ಜೂನ್ ತಿಂಗಳ ಒಂದು ಸಂಜೆ ಪಾಲಕರನ್ನು ಶಾಲೆಗೆ ಕರೆದು, ಒಬ್ಬೊಬ್ಬರ ಫೋನಿನಲ್ಲೂ ಒಂದು ಕೋಡ್ ಸ್ಕ್ಯಾನ್ ಮಾಡಿಸಿ ತೋರಿಸಿ. ಬೋಟುಗಳೆಲ್ಲ ದಡದಲ್ಲಿರುವುದರಿಂದ ಅಪ್ಪಂದಿರೂ ಬರುತ್ತಾರೆ. ಆಗಸ್ಟ್ 1ರ ಬೆಳಗ್ಗೆ ಅವರು ಮತ್ತೆ ಕಡಲಿನಲ್ಲಿರುತ್ತಾರೆ.